ಲೋಡ್ ಕಳುವಾದರೆ ದುಡ್ಡು ಬರುತ್ತದಾ? ಪುಟ್ಟನ ಪ್ರಶ್ನೆಗೆ ಚಿಕ್ಕಮ್ಮನ ಉತ್ತರ

ಪುಟ್ಟಾ, ಮನೆಯವರ ಗುಂಪಿನಲ್ಲಿ ನಿನ್ನ ಮೆಸೇಜ್ ಓದಿದೆ. ಎರಡನೇ ಲಾರಿ ತೆಗೆದುಕೊಂಡಿದ್ದೀಯ, ತುಂಬಾ ಖುಷಿ ಆಯಿತು. ನೀನು ಕೇಳಿದ್ದು ಇಷ್ಟು: ಏಜೆಂಟ್ "ಫುಲ್ ಕವರ್ ಇದೆ" ಎಂದು ಪಾಲಿಸಿ ಕೊಟ್ಟಿದ್ದಾರೆ, ಲೋಡ್ ಕಳುವಾದರೆ ದುಡ್ಡು ಪೂರ್ತಿ ಬರುತ್ತದಾ? ಅದಕ್ಕೆ ಭಾವ "ಇನ್ಶೂರೆನ್ಸ್ ಇದ್ದ ಮೇಲೆ ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ" ಎಂದಿದ್ದಾರೆ. ಭಾವ, ಬೇಜಾರು ಮಾಡಿಕೊಳ್ಳಬೇಡಿ, ಈ ಮಾತು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಸರಕಿನ ಕ್ಲೈಮ್ ಫೈಲು ನೋಡಿದವಳು ನಾನು. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಪೂರ್ತಿ ಓದಿ.

ಪಾಲಿಸಿ ಎಲ್ಲ ಕಳ್ಳತನಕ್ಕೂ ದುಡ್ಡು ಕೊಡುವುದಿಲ್ಲ ಪುಟ್ಟಾ. ಅದರಲ್ಲಿ ಬರೆದ ರೀತಿಯ ಕಳ್ಳತನಕ್ಕೆ ಮಾತ್ರ ಕೊಡುತ್ತದೆ. ಕಳ್ಳರು ತಮ್ಮ ದಾರಿ ಬದಲಾಯಿಸಿಕೊಂಡಿದ್ದಾರೆ. ಎಷ್ಟೋ ಪಾಲಿಸಿಗಳು ಮಾತ್ರ ಇನ್ನೂ ಬೀಗ ಒಡೆಯುವ ಕಳ್ಳನನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದ ಹಾಗಿವೆ. ಸಣ್ಣ ಲಾರಿ ಮಾಲೀಕರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಕೆನಡಾದ ಟೊರೊಂಟೊ ಪಿಯರ್ಸನ್ ವಿಮಾನ ನಿಲ್ದಾಣದ ಕೇಸ್ ಕೇಳಿದ್ದೀರಾ? 2023ರ ಏಪ್ರಿಲ್ 17ರಂದು ಒಬ್ಬ ಲಾರಿ ತಂದು ಸರಕಿನ ಗೋದಾಮಿನ ಮುಂದೆ ನಿಲ್ಲಿಸಿದ. ಕೈಯಲ್ಲಿ ಒಂದು ವೇಬಿಲ್, ಅಂದರೆ ಸರಕಿನ ವಿವರ ಬರೆದ ಸಾಗಣೆ ಚೀಟಿ. ಅದು ಹಿಂದಿನ ದಿನವೇ ಯಾರೋ ತೆಗೆದುಕೊಂಡು ಹೋಗಿದ್ದ ಮೀನಿನ ಲೋಡಿನ ವೇಬಿಲ್ಲಿನ ನಕಲು. ಆ ಕಾಗದ ನೋಡಿ ಸುಮಾರು 400 ಕೆಜಿ ಚಿನ್ನವನ್ನು ಲಾರಿಗೆ ತುಂಬಿ ಕಳಿಸಿದರು. ಎರಡು ಕೋಟಿ ಕೆನಡಾ ಡಾಲರಿಗೂ ಜಾಸ್ತಿ ಬೆಲೆಯ ಸರಕು. ಬೀಗ ಒಡೆಯಲಿಲ್ಲ, ಬಂದೂಕು ತೋರಿಸಲಿಲ್ಲ.

ಮಾರನೇ ವರ್ಷ ಅಮೆರಿಕದಲ್ಲಿ ಇನ್ನೊಂದು. ಟೆಕ್ಸಾಸಿನ ಲರೇಡೊದಿಂದ ಪೆನ್ಸಿಲ್ವೇನಿಯಾಗೆ ಹೋಗಬೇಕಿದ್ದ ಎರಡು ಲಾರಿ ಟಕೀಲಾ ಎಂಬ ಮದ್ಯ, 24,000ಕ್ಕೂ ಜಾಸ್ತಿ ಬಾಟಲಿ, 2024ರ ನವೆಂಬರಿನಲ್ಲಿ ಮಾಯವಾದವು. ಲೋಡು ಕೈಯಿಂದ ಕೈಗೆ ದಾಟಿ ನಕಲಿ ಸಾಗಣೆದಾರರ ಕೈ ಸೇರಿತ್ತು. ಲಾರಿ ದಾರಿಯಲ್ಲೇ ಇದೆ ಎಂದು ಜಿಪಿಎಸ್ ಸುಳ್ಳು ತೋರಿಸುತ್ತಿತ್ತು. ತಡವಾಯಿತಲ್ಲ ಎಂದು ಕೇಳಿದರೆ, ವಾಟರ್ ಪಂಪ್ ಕೆಟ್ಟಿದೆ ಎಂಬ ಉತ್ತರ. ಅದೇ ವರ್ಷ ಲಂಡನ್ನಿನ ನೀಲ್ಸ್ ಯಾರ್ಡ್ ಡೈರಿ 22 ಟನ್ ಚೆಡ್ಡರ್ ಚೀಸನ್ನು ಕಳೆದುಕೊಂಡಿತು. ಫ್ರಾನ್ಸಿನ ದೊಡ್ಡ ಅಂಗಡಿಯೊಂದಕ್ಕೆ ಸರಬರಾಜು ಮಾಡುವವರು ಎಂದು ಹೇಳಿಕೊಂಡು ಬಂದಿದ್ದವರಿಗೆ ಡೈರಿಯವರೇ ಕಳಿಸಿಕೊಟ್ಟಿದ್ದರು. ಚೀಸ್ ಮಾಡಿದ ಸಣ್ಣ ರೈತರಿಗೆ ಆ ಕಂಪನಿ ದುಡ್ಡು ತಪ್ಪಿಸಲಿಲ್ಲ, ಅದು ದೊಡ್ಡ ಗುಣ.

ಮೂರರಲ್ಲೂ ಒಂದೇ ವಿಷಯ ನೋಡು. ಸರಕನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಸರಕು ಇಟ್ಟುಕೊಂಡಿದ್ದವರೇ ಕಳ್ಳರ ಕೈಗೆ ಕೊಟ್ಟರು. ಬಹಳ ಪಾಲಿಸಿಗಳಲ್ಲಿ ಇದಕ್ಕೆ ಒಂದು ಸಾಲು ಇರುತ್ತದೆ: ಮೋಸಕ್ಕೆ ಒಳಗಾಗಿ ನೀವಾಗಿಯೇ ಸರಕನ್ನು ಬೇರೆಯವರಿಗೆ ಒಪ್ಪಿಸಿದರೆ ನಾವು ಕೊಡುವುದಿಲ್ಲ ಎಂದು. "ಕಳ್ಳತನ ಸೇರಿದೆ" ಎಂಬ ಮಾತು ಮೊದಲ ಪುಟದಲ್ಲಿ, ಈ ಸಾಲು ಎಲ್ಲೋ ಒಳಗೆ. ನೀನು ಮೊದಲು ಹುಡುಕಬೇಕಾದ್ದು ಇದನ್ನೇ. ಇದ್ದರೆ ತೆಗೆಸು, ಇಲ್ಲವೇ ಹೆಚ್ಚಿನ ಪ್ರೀಮಿಯಂ ಕೊಟ್ಟಾದರೂ ಆ ಅಪಾಯವನ್ನು ಸೇರಿಸಿಕೊಳ್ಳಲು ಆಗುತ್ತದಾ ಎಂದು ಕೇಳು. ಬಾಯಿಮಾತಿನ "ಆಗುತ್ತೆ ಸಾರ್" ಬೇಡ, ಬರಹದಲ್ಲಿ ತೆಗೆದುಕೋ.

ಹಾಗೆಯೇ ಲಾರಿಯಲ್ಲಿ ಯಾರೂ ಇಲ್ಲದಿದ್ದಾಗ ಆದ ಕಳ್ಳತನದ ಷರತ್ತು. ಡ್ರೈವರ್ ಊಟಕ್ಕೆ, ಶೌಚಕ್ಕೆ ಇಳಿಯಲೇಬೇಕು ಅಲ್ವಾ? ಕೆಲವು ಪಾಲಿಸಿ ಬೀಗ ಹಾಕಿದ್ದರೆ ಸಾಕು ಎನ್ನುತ್ತವೆ. ಕೆಲವು, ಬೇಲಿ ಮತ್ತು ಕಾವಲು ಇರುವ ಜಾಗದಲ್ಲೇ ನಿಂತಿರಬೇಕು ಎನ್ನುತ್ತವೆ. ಟ್ರೈಲರನ್ನು ಬಿಚ್ಚಿಟ್ಟು ಹೋದರೆ ಇನ್ನೂ ಬಿಗಿ. ಯುರೋಪಿನಲ್ಲಿ ಲಾರಿ ನಿಲ್ಲಿಸುವ ಜಾಗಗಳಿಗೆ ಭದ್ರತೆ ನೋಡಿ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ದರ್ಜೆ ಇಟ್ಟಿದ್ದಾರೆ. ಅಂಥ ವ್ಯವಸ್ಥೆ ಇಲ್ಲದ ಕಡೆ ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಹೊರಡುವ ಮುಂಚೆ ನೀನೇ ಗೊತ್ತುಮಾಡಿ ಡ್ರೈವರಿಗೆ ಹೇಳಬೇಕು. ಲೋಡ್ ಹತ್ತಿಸಿದ ಮೇಲೆ ಮೊದಲ ಮುನ್ನೂರು ಕಿಲೋಮೀಟರ್ ಆದಷ್ಟು ನಿಲ್ಲಿಸದೇ ಹೋಗಲಿ. ಗೋದಾಮಿನಿಂದಲೇ ಹಿಂಬಾಲಿಸಿ ಬರುವ ಗುಂಪುಗಳು ಮೊದಲ ನಿಲುಗಡೆಗಾಗಿಯೇ ಕಾಯುತ್ತವೆ. ಡೀಸೆಲ್, ಊಟ ಎಲ್ಲ ಲೋಡಿಗೆ ಮುಂಚೆಯೇ ಮುಗಿಯಲಿ. ಸಾಲು ರಜೆ ಬಂದರೆ ಇನ್ನೂ ಜಾಸ್ತಿ ಎಚ್ಚರ. ಮೂರು ದಿನ ಯಾರೂ ನೋಡದ ಟ್ರೈಲರ್ ಕಳುವಾಗಿದ್ದು ಗೊತ್ತಾಗುವುದೇ ನಾಲ್ಕನೇ ದಿನ.

ಸೀಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಡ್ರೈವರುಗಳಿಗೆ ಯಾರೂ ಕಲಿಸುವುದಿಲ್ಲ. ಬೋಲ್ಟ್ ಸೀಲ್ ಗೊತ್ತಲ್ಲ, ಸರಕಿನ ಬಾಗಿಲಿಗೆ ಹಾಕುವ ಬೆರಳು ದಪ್ಪದ ಉಕ್ಕಿನ ಕಡ್ಡಿ, ಮೇಲೆ ನಂಬರ್. ಐಎಸ್ಒ 17712 ಎಂಬ ಅಂತರರಾಷ್ಟ್ರೀಯ ಮಾನದಂಡದ ಹೆಚ್ಚಿನ ಭದ್ರತೆಯ ದರ್ಜೆಯದ್ದಾದರೆ ಬೋಲ್ಟ್ ಕಟರಿನಂಥ ಸಾಧನ ಇಲ್ಲದೆ ತುಂಡಾಗುವುದಿಲ್ಲ. ಆದರೆ ಜಾಣ ಕಳ್ಳ ಸೀಲನ್ನು ಮುಟ್ಟುವುದೇ ಇಲ್ಲ. ಬಾಗಿಲಿನ ಹ್ಯಾಂಡಲ್ ಹಿಡಿದಿರುವ ರಿವೆಟ್ ಇರುತ್ತದಲ್ಲ, ಅದನ್ನು ಕೊರೆದು ತೆಗೆಯುತ್ತಾನೆ. ಹ್ಯಾಂಡಲ್ ಸೀಲ್ ಸಮೇತ ಪಕ್ಕಕ್ಕೆ ಬರುತ್ತದೆ. ಬೇಕಾದಷ್ಟು ಪೆಟ್ಟಿಗೆ ಇಳಿಸಿಕೊಂಡು, ಹೊಸ ರಿವೆಟ್ ಬಡಿದು, ಮೇಲೆ ಬಣ್ಣ ಹಚ್ಚಿ ಹೋಗುತ್ತಾನೆ. ಇಳಿಸುವ ಜಾಗದಲ್ಲಿ ಸೀಲ್ ನಂಬರ್ ಸರಿಯಾಗಿಯೇ ಇರುತ್ತದೆ, ಒಳಗೆ ಮಾತ್ರ ಸರಕು ಕಡಿಮೆ. ಆಗ ಸರ್ವೇಯರ್, ಅಂದರೆ ನಷ್ಟ ಪರಿಶೀಲಿಸಲು ಇನ್ಶೂರೆನ್ಸ್ ಕಡೆಯಿಂದ ಬರುವವರು, ಕೇಳುವ ಮೊದಲ ಪ್ರಶ್ನೆ, ಇದು ಕಳ್ಳತನ ಎನ್ನಲು ಗುರುತೇನು? ತುಂಬುವಾಗಲೇ ಕಡಿಮೆ ತುಂಬಿದ್ದಿರಬಹುದಲ್ಲ? ಕಾರಣ ಗೊತ್ತಿಲ್ಲದೆ ಕಾಣೆಯಾದ ಸರಕಿಗೆ ಕೊಡುವುದಿಲ್ಲ ಎಂದು ಎಷ್ಟೋ ಪಾಲಿಸಿಗಳಲ್ಲಿ ಇದೆ. ಅದಕ್ಕೇ ಹೊರಡುವಾಗ ಸೀಲಿನ ಫೋಟೋ ಮಾತ್ರ ಸಾಲದು. ಹ್ಯಾಂಡಲ್, ರಿವೆಟ್, ಬಾಗಿಲಿನ ಕೀಲು, ಎಲ್ಲದರ ಫೋಟೋ ಬೇಕು. ಪ್ರತಿ ನಿಲುಗಡೆಯಲ್ಲೂ ಡ್ರೈವರ್ ಹಿಂದೆ ಹೋಗಿ ರಿವೆಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಬೇಕು. ಹಸಿ ಬಣ್ಣ, ಕಬ್ಬಿಣದ ಪುಡಿ ಕಂಡರೆ ಅಲ್ಲಿಂದಲೇ ನಿನಗೆ ಫೋನ್ ಮಾಡಲಿ.

ಇನ್ನು ಭಾವನ ಮಾತಿಗೆ ಬರುತ್ತೇನೆ. ಭಾವ, ಇವನು ತೆಗೆದುಕೊಂಡಿರುವ ಪಾಲಿಸಿ ಸರಕಿನದ್ದಲ್ಲ, ಸರಕಿಗೆ ಇವನು ಹೊರಬೇಕಾದ ಜವಾಬ್ದಾರಿಯದ್ದು. ಇವೆರಡು ಬೇರೆ ಬೇರೆ. ಸರಕಿನ ಮಾಲೀಕರಿಗೆ ಅವರದ್ದೇ ಪಾಲಿಸಿ ಇರಬಹುದು. ಅವರ ಕಂಪನಿ ಅವರಿಗೆ ದುಡ್ಡು ಕೊಟ್ಟು, ಆಮೇಲೆ ಅವರ ಹಕ್ಕನ್ನು ಹಿಡಿದು ಇವನ ಮೇಲೆ ವಸೂಲಿಗೆ ಬರುತ್ತದೆ. "ಅವರಿಗೆ ದುಡ್ಡು ಸಿಕ್ಕಿತಲ್ಲ, ಮುಗಿಯಿತು" ಎಂದುಕೊಂಡ ಮಾಲೀಕರ ಮನೆಗೆ ಎಷ್ಟೋ ತಿಂಗಳ ಮೇಲೆ ನೋಟಿಸ್ ಬಂದದ್ದನ್ನು ನಾನು ನೋಡಿದ್ದೇನೆ.

ಎಷ್ಟು ಕೊಡಬೇಕು ಎನ್ನುವುದು ಆಯಾ ದೇಶದ ಕಾನೂನಿನ ಮೇಲೆ. ಯುರೋಪಿನಲ್ಲಿ ಗಡಿ ದಾಟುವ ಲಾರಿಗಳಿಗೆ 1956ರ ಸಿಎಂಆರ್ ಒಪ್ಪಂದ ಇದೆ, ಅದರಲ್ಲಿ ಕೆಜಿಗೆ 8.33 ಎಸ್‌ಡಿಆರ್ ಮಿತಿ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಹತ್ತು ಕೆಜಿ ಪೆಟ್ಟಿಗೆಗೆ 83.3 ಎಸ್‌ಡಿಆರ್ ಆಯಿತು, ಒಳಗೆ ಪೂರ್ತಿ ಮೊಬೈಲ್ ಇದ್ದರೂ ಅಷ್ಟೇ. ಬೇಕೆಂದೇ ಮಾಡಿದ ತಪ್ಪು, ಇಲ್ಲವೇ ಕಾನೂನು ಅದಕ್ಕೆ ಸಮ ಎನ್ನುವ ತಪ್ಪು ಸಾಬೀತಾದರೆ ಮಿತಿ ಹಾರಿಹೋಗುತ್ತದೆ. ಅಮೆರಿಕದಲ್ಲಿ 1906ರಿಂದ ಇರುವ ಕಾರ್ಮ್ಯಾಕ್ ಕಾನೂನು ಉಲ್ಟಾ. ಬರಹದಲ್ಲಿ ಮಿತಿ ಒಪ್ಪಿಕೊಂಡಿಲ್ಲದಿದ್ದರೆ ನಷ್ಟ ಪೂರ್ತಿ ಸಾಗಣೆದಾರನದ್ದೇ. ಭಾರತದಲ್ಲಿ 2007ರ ರಸ್ತೆ ಸಾಗಣೆ ಕಾಯ್ದೆ. ಹೆಚ್ಚಿನ ಬೆಲೆ ಘೋಷಿಸಿ, ಹೆಚ್ಚಿನ ದರ ಕೊಡಲು ಒಪ್ಪದಿದ್ದರೆ ಬಾಡಿಗೆಯ ಹತ್ತು ಪಟ್ಟಿನವರೆಗೆ ಮಿತಿ. ಆ ಚಿನ್ನದ ಕೇಸಿನಲ್ಲಿ ವಿಮಾನ ಸರಕಿನ ಕಾನೂನು ಅನ್ವಯ ಆಯಿತು. ಕಳಿಸಿದವರು ವಿಶೇಷ ಬೆಲೆ ಘೋಷಿಸಿರಲಿಲ್ಲ. ಕೋರ್ಟ್ ತೂಕದ ಲೆಕ್ಕ ಹಿಡಿದು ಪರಿಹಾರವನ್ನು ಸುಮಾರು 18,600 ಕೆನಡಾ ಡಾಲರಿಗೆ ನಿಲ್ಲಿಸಿತು.

ಪುಟ್ಟಾ, ಇಲ್ಲಿ ನಿನಗೆ ಒಂದು ಬಲೆ ಇದೆ. ದೊಡ್ಡ ಕಂಪನಿಗಳು ಸಹಿ ಹಾಕಿಸುವ ಒಪ್ಪಂದದಲ್ಲಿ "ಮಿತಿ ಅನ್ವಯಿಸುವುದಿಲ್ಲ, ಪೂರ್ತಿ ಬೆಲೆ ಕೊಡಬೇಕು" ಎಂದು ಸೇರಿಸಿರುತ್ತಾರೆ. ನೀನು ಸಹಿ ಹಾಕುತ್ತೀಯ. ಪಾಲಿಸಿಯಲ್ಲಿ, ಕಾನೂನಿನ ಪ್ರಕಾರ ಬರುವ ಜವಾಬ್ದಾರಿ ಮಾತ್ರ ನಮ್ಮದು, ನೀವಾಗಿ ಒಪ್ಪಿಕೊಂಡ ಹೆಚ್ಚಿನದು ನಮ್ಮದಲ್ಲ ಎಂದಿರುತ್ತದೆ. ನಡುವಿನ ಅಷ್ಟೂ ದುಡ್ಡು ನಿನ್ನ ಲಾರಿ, ನಿನ್ನ ಮನೆಯಿಂದ ಹೋಗಬೇಕು. ಅಂಥ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇನ್ಶೂರೆನ್ಸ್ ಕಂಪನಿಗೆ ಕಳಿಸಿ ಒಪ್ಪಿಗೆ ತೆಗೆದುಕೋ. ಜೊತೆಗೆ ಮೊಬೈಲ್, ತಾಮ್ರ, ಮದ್ಯ, ಸಿಗರೇಟಿಗೆ ಪಾಲಿಸಿಯಲ್ಲಿ ಬೇರೆ, ಕಡಿಮೆ ಮಿತಿ ಇದೆಯಾ ನೋಡು. ಹೊಸ ಲಾರಿಯ ನಂಬರ್, ಹೊಸ ಡ್ರೈವರ್ ಹೆಸರು ಪಟ್ಟಿಗೆ ಸೇರಿದೆಯಾ ಎನ್ನುವುದನ್ನಂತೂ ಇವತ್ತೇ ನೋಡು.

ಕೆಲಸ ಜಾಸ್ತಿ ಆದಾಗ ಲೋಡನ್ನು ಬೇರೆ ಲಾರಿಗೆ ಕೊಡುತ್ತೀಯ ಎಂದಿದ್ದೆ. ಕೊಟ್ಟ ಮೇಲೂ ಜವಾಬ್ದಾರಿ ನಿನ್ನದೇ, ಪಾಲಿಸಿ ಮಾತ್ರ ಆ ಲಾರಿಗೆ ಇರದೇ ಹೋಗಬಹುದು. ಅವರು ತೋರಿಸುವ ಇನ್ಶೂರೆನ್ಸ್ ಸರ್ಟಿಫಿಕೇಟ್ ನಂಬಬೇಡ. ಅದರ ಮೇಲಿರುವ ಫೋನ್ ನಂಬರಿಗೆ ಫೋನ್ ಮಾಡಿದರೆ ಕಳ್ಳನ ಕಡೆಯವರೇ "ಹೌದು, ಪಾಲಿಸಿ ಇದೆ" ಎನ್ನುತ್ತಾರೆ. ಕಂಪನಿಯ ನಂಬರನ್ನು ನೀನೇ ಬೇರೆ ಕಡೆಯಿಂದ ಹುಡುಕಿ ಕೇಳು. ಇಮೇಲ್ ವಿಳಾಸವನ್ನು ಅಕ್ಷರ ಅಕ್ಷರ ಓದು, ಒಂದು ಅಕ್ಷರ ಜಾಸ್ತಿ ಇರುವುದರಲ್ಲೇ ಆಟ ಇರುತ್ತದೆ. ನಿನ್ನ ಹೆಸರು, ನಿನ್ನ ಕಾಗದ ಇಟ್ಟುಕೊಂಡೂ ಬೇರೆಯವರು ಲೋಡ್ ಎತ್ತಬಹುದು, ಅದಕ್ಕೇ ಆರ್‌ಸಿ, ಪಾಲಿಸಿಯ ಫೋಟೋಗಳನ್ನು ಕಂಡ ಕಂಡ ಗುಂಪಿಗೆ ಹಾಕಬೇಡ. ದಾರಿ ಮಧ್ಯೆ ಯಾರಾದರೂ "ಇಳಿಸುವ ಜಾಗ ಬದಲಾಗಿದೆ" ಎಂದರೆ, ಲೋಡ್ ಕಳಿಸಿದ ಗೋದಾಮಿಗೇ ಫೋನ್ ಮಾಡಿ ಕೇಳದೆ ಡ್ರೈವರ್ ದಿಕ್ಕು ತಿರುಗಿಸಬಾರದು.

ಅಕ್ಕ, ನೀನು ಡ್ರೈವರ್ ಹುಡುಗನ ಬಗ್ಗೆ ಕೇಳಿದ್ದೆ. ಆಯುಧ ತೋರಿಸಿ ನಿಲ್ಲಿಸಿದರೆ ಕೀ ಕೊಟ್ಟು ಇಳಿದುಬಿಡಬೇಕು, ಎದುರು ನಿಲ್ಲಲೇಬಾರದು. ಇದನ್ನು ಪುಟ್ಟನೇ ಅವನಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ, ಲೋಡ್ ಹೋದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆಗೆ ಆ ಹುಡುಗರು ಜೀವ ಒತ್ತೆ ಇಡುತ್ತಾರೆ.

ಕಳುವಾದದ್ದು ಗೊತ್ತಾದ ತಕ್ಷಣ ಪೊಲೀಸ್ ದೂರು, ಅದೇ ದಿನ ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸುವುದು, ಎರಡೂ ಆಗಬೇಕು. "ಒಂದೆರಡು ದಿನ ನಾವೇ ಹುಡುಕೋಣ" ಎಂದು ಕಾಯಬೇಡ. ತಡ ಮಾಡಿದ್ದೇ ಕಾರಣವಾಗಿ ಕ್ಲೈಮ್ ತಿರಸ್ಕರಿಸುತ್ತಾರೆ, ಆಮೇಲೆ ಕೋರ್ಟಿಗೆ ಅಲೆಯಬೇಕು. ಜಿಪಿಎಸ್ ದಾಖಲೆಯನ್ನು ಆಗಲೇ ಇಳಿಸಿಟ್ಟುಕೋ, ಕೆಲವು ಕಂಪನಿಗಳು ಸ್ವಲ್ಪ ದಿನ ಮಾತ್ರ ಇಟ್ಟುಕೊಂಡು ಅಳಿಸುತ್ತವೆ. ನಷ್ಟ ತುಂಬಿಕೊಡುತ್ತೇನೆ ಎಂದು ಸರಕಿನವರಿಗೆ ಯಾವ ಕಾಗದದಲ್ಲೂ, ವಾಟ್ಸಾಪಿನಲ್ಲೂ ಬರೆಯಬೇಡ. ಇನ್ಶೂರೆನ್ಸ್ ಕಂಪನಿಯನ್ನು ಕೇಳದೆ ಒಪ್ಪಿಕೊಂಡರೆ ಅದನ್ನೇ ಹಿಡಿದು ಜಾರಿಕೊಳ್ಳುತ್ತಾರೆ.

ಈಗ ಪಾಲಿಸಿಯ ಷೆಡ್ಯೂಲ್ ಪುಟ (ಲಾರಿ, ಮೊತ್ತದ ವಿವರ ಇರುವ ಪುಟ), ಏನೇನು ಸೇರಿಲ್ಲ ಎಂದು ಬರೆದಿರುವ ಪುಟಗಳು, ಆಮೇಲೆ ನಿನಗೆ ಲೋಡ್ ಕೊಡಲಿರುವ ಹೊಸ ಕಂಪನಿಯ ಒಪ್ಪಂದ, ಮೂರನ್ನೂ ನನಗೊಬ್ಬಳಿಗೆ ಕಳಿಸು, ಗುಂಪಿಗೆ ಬೇಡ. ರಾತ್ರಿ ಕೂತು ಓದಿ ಗುರುತು ಹಾಕಿಡುತ್ತೇನೆ, ನಾಳೆ ಫೋನಿನಲ್ಲಿ ಸಾಲು ಸಾಲಾಗಿ ನೋಡೋಣ. ಅಲ್ಲಿಯವರೆಗೆ ಒಪ್ಪಂದಕ್ಕೆ ಸಹಿ ಹಾಕಬೇಡ.