ಚಿಕ್ಕ ಸಿನಿಮಾ ಮನೆಯಲ್ಲೇ ಸಾಕಾ, ಚಿಕ್ಕಪ್ಪಾ?

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ಇವತ್ತಿಗೆ ಮುಗಿಯುವುದಿಲ್ಲ, ಅದಕ್ಕೆ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕೈಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ.

ಬೆಳಿಗ್ಗೆ ನಮ್ಮ ಮನೆಯವರ ಈ ಗ್ರೂಪಲ್ಲಿ ಅತ್ತೆ ಕೇಳಿದರು, 2025ರಲ್ಲಿ ಅಷ್ಟೊಂದು ಸಲ ಥಿಯೇಟರಿಗೆ ಹೋದೆಯಲ್ಲ, ಯಾವುದು ಚೆನ್ನಾಗಿತ್ತು ಅಂತ. ನಾನು ಬಾಯಿ ಬಿಡುವ ಮೊದಲೇ ಚಿಕ್ಕಪ್ಪ ಬರೆದುಬಿಟ್ಟರು: ದೊಡ್ಡ ಸಿನಿಮಾ ಆದರೆ ಥಿಯೇಟರ್, ಚಿಕ್ಕದಾದರೆ ಸುಮ್ನೆ ಮನೆಯಲ್ಲೇ ಟಿವಿಯಲ್ಲಿ ನೋಡಿದರೆ ಸಾಕು ಅಂತ. ಅದಕ್ಕೆ ಐದಾರು ಜನ ಹೆಬ್ಬೆರಳು ಬೇರೆ ಒತ್ತಿದ್ದೀರಿ. ಚಿಕ್ಕಪ್ಪಾ, ನಿಮ್ಮ ಮಾತಿಗೆ ಎದುರಾಡಬೇಕು ಅಂತಲ್ಲ. ಆದರೆ ನನಗೆ ಆಗಿರುವ ಅನುಭವ ಪೂರ್ತಿ ಬೇರೆ. ಅದನ್ನೇ ಹೇಳುತ್ತೇನೆ.

'ಸು ಫ್ರಮ್ ಸೋ' ಅನ್ನುವ ಕನ್ನಡ ಸಿನಿಮಾ ಜುಲೈ 25ಕ್ಕೆ ಬಂತು. ದೊಡ್ಡ ಹೀರೋ ಇಲ್ಲ, ಹೊಡೆದಾಟದ ಅಬ್ಬರ ಇಲ್ಲ. ಜೆ.ಪಿ. ತುಮಿನಾಡು ಅವರೇ ಬರೆದು, ನಿರ್ದೇಶನ ಮಾಡಿ, ಅಶೋಕ ಅನ್ನುವ ಹುಡುಗನ ಪಾತ್ರವನ್ನೂ ಮಾಡಿದ್ದಾರೆ. ಕಥೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಕರಾವಳಿಯ ಒಂದು ಹಳ್ಳಿ. ಈ ಹುಡುಗನ ಮೈಮೇಲೆ ದೆವ್ವ ಬಂದಿದೆ ಅಂತ ಊರಿಗೆ ಊರೇ ನಂಬುತ್ತದೆ. ಆ ದೆವ್ವದ ಹೆಸರು ಸುಲೋಚನಾ, ಊರು ಸೋಮೇಶ್ವರ. ಹೆಸರಿನ ಗುಟ್ಟು ಅಷ್ಟೇ.

ನಾನು ಅಮ್ಮನ ಜೊತೆ ಹೋಗಿದ್ದೆ. ಹಾಲ್ ತುಂಬಿತ್ತು. ನನ್ನ ಪಕ್ಕದಲ್ಲಿ ಗುರುತು ಪರಿಚಯ ಇಲ್ಲದ ಒಬ್ಬ ಅಜ್ಜಿ, ಮೊಮ್ಮಗನ ಜೊತೆ ಬಂದಿದ್ದರು. ಮೊದಲ ಹತ್ತು ನಿಮಿಷ ಕರಾವಳಿಯ ಮಾತಿನ ಧಾಟಿ ಅವರ ಕಿವಿಗೆ ಹತ್ತಲಿಲ್ಲ. "ಏನಂದ, ಏನಂದ" ಅಂತ ಮೊಮ್ಮಗನನ್ನು ಕೇಳುತ್ತಲೇ ಇದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಶನೀಲ್ ಗೌತಮ್ ಮಾಡಿರುವ ರವಿಯಣ್ಣನ ಮುಖ ನೋಡಿಯೇ ಅವರಿಗೆ ನಗು. ಒಂದು ಸಲವಂತೂ ನಗು ತಡೆಯಲಾಗದೆ ನನ್ನ ಮೊಣಕೈ ಹಿಡಿದುಕೊಂಡುಬಿಟ್ಟರು. ನನ್ನದು ಅಂತ ಗೊತ್ತಾದ ಮೇಲೂ ಬಿಡಲಿಲ್ಲ!

ರಾಜ್ ಬಿ. ಶೆಟ್ಟಿ ಕರುಣಾಕರ ಗುರೂಜಿಯಾಗಿ ಬಂದ ಮೇಲೆ ನಗು ಇನ್ನೂ ಜಾಸ್ತಿ ಆಯಿತು. ಒಂದು ಮಾತಿಗೆ ಜನ ನಕ್ಕರೆ ಅದರ ಮುಂದಿನ ಎರಡು ಮಾತು ಕೇಳಿಸುತ್ತಲೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ತಡವಾಗಿ ನಗುತ್ತಿದ್ದರು. ಅವರ ನಗು ಕೇಳಿ ಉಳಿದವರು ಇನ್ನೊಂದು ಸಲ ನಗುತ್ತಿದ್ದರು.

ಅದೇ ಹಾಲ್, ಅದೇ ಜನ, ದ್ವಿತೀಯಾರ್ಧದಲ್ಲಿ ಭಾನು ಅನ್ನುವ ಹೆಂಗಸಿನ ಕಥೆ ಶುರುವಾದಾಗ ಗಪ್‌ಚಿಪ್. ಸಂಧ್ಯಾ ಅರಕೆರೆ ಆ ಪಾತ್ರ ಮಾಡಿದ್ದಾರೆ. ಎಷ್ಟು ಕಡಿಮೆ ಮಾತು, ಎಷ್ಟು ಹಿಡಿದಿಟ್ಟ ನಟನೆ! ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಇಷ್ಟು ಹೊತ್ತು ನಾವು ನಕ್ಕಿದ್ದು ದೆವ್ವದ ಹೆಸರಿಗೆ. ಆ ಹೆಸರಿನ ಹಿಂದೆ ಒಬ್ಬ ಹೆಣ್ಣುಮಗಳ ಕಷ್ಟ ಇದೆ ಅಂತ ಗೊತ್ತಾದಾಗ, ಅಷ್ಟೂ ಜನ ಒಟ್ಟಿಗೆ ಸುಮ್ಮನಾಗುವುದಿದೆಯಲ್ಲ, ಆ ಮೌನ ನನಗೆ ಇನ್ನೂ ನೆನಪಿದೆ.

ಈಗ ಚಿಕ್ಕಪ್ಪ ಕೇಳಬೇಕಾದ ಮಾತು ಇದು. ಅದೇ ಸಿನಿಮಾ ಒಟಿಟಿಗೆ ಬಂದ ಮೇಲೆ ಮನೆಯಲ್ಲಿ ಇನ್ನೊಂದು ಸಲ ನೋಡಿದೆ. ನಾನು, ಇವರು, ಇಬ್ಬರೇ. ಥಿಯೇಟರಲ್ಲಿ ನಗುವಿನ ನಡುವೆ ಕೇಳಿಸದೇ ಹೋದ ಮಾತುಗಳೆಲ್ಲ ಈ ಸಲ ಸ್ಪಷ್ಟವಾಗಿ ಕೇಳಿಸಿದವು. ಒಳ್ಳೊಳ್ಳೆ ಮಾತುಗಳೇ. ಆದರೆ ನಗು ಬಂದಿದ್ದು ನಾಲ್ಕೋ ಐದೋ ಸಲ. ಇವರಂತೂ ನಡುವೆ ಮೂರು ಸಲ ನಿಲ್ಲಿಸಿ ಎದ್ದು ಹೋದರು. ಒಂದು ಸಲ ಫೋನ್ ಬಂತು, ಒಂದು ಸಲ ಬಾಗಿಲ ಬೆಲ್ ಆಯಿತು, ಇನ್ನೊಂದು ಸಲ ಯಾಕೆ ಎದ್ದರೋ ಅವರಿಗೇ ನೆನಪಿಲ್ಲ. ಭಾನು ಬರುವ ಹೊತ್ತಿಗೆ ನಮಗೆ ಆಕಳಿಕೆ. ಸಿನಿಮಾದಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಬದಲಾಗಿದ್ದು ಪಕ್ಕದ ಸೀಟು ಮಾತ್ರ.

ಅದಕ್ಕೇ ಹೇಳುತ್ತಿರುವುದು ಚಿಕ್ಕಪ್ಪಾ, ನಗಿಸುವ ಸಿನಿಮಾಕ್ಕೆ ಪರದೆ ದೊಡ್ಡದಿರಬೇಕು ಅಂತೇನಿಲ್ಲ, ಜನ ಜಾಸ್ತಿ ಇರಬೇಕು. ದೊಡ್ಡ ಸಿನಿಮಾ ತನ್ನ ಗದ್ದಲದಲ್ಲೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಚಿಕ್ಕದಕ್ಕೆ ನಾವು ಕೈ ಜೋಡಿಸಬೇಕು.

ಹಾಗಂತ 'ಕಾಂತಾರ ಚಾಪ್ಟರ್ 1' ಮನೆಯಲ್ಲಿ ನೋಡಿ ಅಂತ ಹೇಳುತ್ತಿಲ್ಲ, ಖಂಡಿತ ಇಲ್ಲ. ಅಕ್ಟೋಬರ್ 2ಕ್ಕೆ ಬಿಡುಗಡೆ ಆಯಿತು, ನಾವು ಹೋಗಿದ್ದು ಎರಡನೇ ವಾರ. 2022ರ ಕಾಂತಾರಕ್ಕೆ ಹಿಂದಿನ ಕಥೆ, ಕದಂಬರ ಕಾಲಕ್ಕೆ ಹೋಗುತ್ತದೆ. ರಿಷಬ್ ಶೆಟ್ಟಿ ಬೆರ್ಮೆ ಅನ್ನುವ ಪಾತ್ರದಲ್ಲಿದ್ದಾರೆ. ನಿಜ ಹೇಳಬೇಕು ಅಂದರೆ ಮೊದಲರ್ಧ ನನಗೆ ಅಷ್ಟೇನೂ ಹಿಡಿಸಲಿಲ್ಲ. ಗಂಭೀರವಾಗಿ ಸಾಗುತ್ತಿರುವಾಗ ನಡುನಡುವೆ ತುರುಕಿದ ಹಾಸ್ಯ. ನಮ್ಮ ಸಾಲಿನಲ್ಲಿ ಯಾರೂ ನಗಲಿಲ್ಲ. ಎರಡೂಮುಕ್ಕಾಲು ಗಂಟೆಗೂ ಜಾಸ್ತಿ ಇದೆ, ಹದಿನೈದು ನಿಮಿಷ ಕತ್ತರಿ ಹಾಕಿದ್ದರೆ ಯಾರಿಗೂ ನಷ್ಟ ಇರಲಿಲ್ಲ.

ಆದರೆ ರಥದ ದೃಶ್ಯ ಬಂತು ನೋಡಿ. ಸಂತೆ ಬೀದಿಯಲ್ಲಿ ಅಷ್ಟು ದೊಡ್ಡ ರಥ ನುಗ್ಗುವಾಗ ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ, ತಾನಾಗಿಯೇ. ಕೊನೆಯ ಅರ್ಧ ಗಂಟೆಯ ಬಗ್ಗೆ ಮಾತಲ್ಲಿ ಹೇಳುವುದು ಕಷ್ಟ. ಅಜನೀಶ್ ಲೋಕನಾಥ್ ಸಂಗೀತ ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ರಿಷಬ್ ಮೈಮೇಲೆ ದೈವ ಬಂದಾಗಿನ ಆ ಕೂಗಿಗೆ ಇಡೀ ಹಾಲ್ ಉಸಿರು ಬಿಗಿ ಹಿಡಿದಿತ್ತು. ನನಗೆ ಇನ್ನೂ ಜಾಸ್ತಿ ಇಷ್ಟ ಆಗಿದ್ದು ರುಕ್ಮಿಣಿ ವಸಂತ್. ಬರೀ ಚಂದದ ರಾಜಕುಮಾರಿ ಅಂದುಕೊಂಡು ಕೂತಿದ್ದೆ. ಆ ಪಾತ್ರ ಹೊರಳುವ ರೀತಿ ಬೇರೆಯೇ. ಇನ್ನೂ ನೋಡದವರಿದ್ದೀರಿ, ಅದಕ್ಕೆ ಇಲ್ಲಿಗೇ ನಿಲ್ಲಿಸುತ್ತೇನೆ.

ಇನ್ನೊಂದು ಬೇಜಾರಿನ ವಿಷಯ. ಅಂಥ ದೃಶ್ಯ ನಡೆಯುವಾಗ ನನ್ನ ಮುಂದಿನ ಸಾಲಿನಲ್ಲಿ ಒಬ್ಬರು ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ದೊಡ್ಡ ಪರದೆ ಬಿಟ್ಟು ನನ್ನ ಕಣ್ಣು ಆ ಅಂಗೈ ಅಗಲದ ಬೆಳಕಿಗೇ ಹೋಗುತ್ತಿತ್ತು. ಹಾಗೆ ಪರದೆಯನ್ನು ಚಿತ್ರೀಕರಿಸುವುದು ಕಾನೂನಿನ ಪ್ರಕಾರವೂ ತಪ್ಪು. 2023ರಲ್ಲಿ ಸಿನಿಮಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಜೈಲು ಶಿಕ್ಷೆಯನ್ನೇ ಸೇರಿಸಿದ್ದಾರೆ. ನಮ್ಮ ಮನೆಯ ಹುಡುಗರು ಯಾರೂ ಸ್ಟೇಟಸ್‌ಗೆ ಅಂತ ಹಾಗೆ ಮಾಡಬೇಡಿ, ದಯವಿಟ್ಟು.

ಅಕ್ಕ ಕೇಳಿದ್ದಳಲ್ಲ, ಮಕ್ಕಳಿಗೆ ಯಾವುದು ಅಂತ. 'ಮಹಾವತಾರ್ ನರಸಿಂಹ' ಅಂತ ಅನಿಮೇಷನ್ ಸಿನಿಮಾ. 'ಸು ಫ್ರಮ್ ಸೋ' ಬಂದ ದಿನವೇ ಬಂದಿತ್ತು, ಕನ್ನಡದಲ್ಲೂ ಇತ್ತು. ನಮ್ಮವನು ಒಂದು ಕ್ಷಣ ಕದಲದೆ ನೋಡಿದ. ಮುಖಗಳಲ್ಲಿ ಭಾವನೆ ಸ್ವಲ್ಪ ಕಡಿಮೆ ಅನ್ನಿಸಿತು ನನಗೆ. ಪ್ರಹ್ಲಾದ ಅಳುವಾಗಲೂ ಗೊಂಬೆ ಅಳುತ್ತಿದೆ ಅನ್ನಿಸುತ್ತದೆ. ಆದರೆ ಕಂಬ ಸೀಳುವ ಸದ್ದಿಗೆ ಹಾಲ್ ಅದುರಿತು. ಅಕ್ಕಾ, ನಿನ್ನ ಚಿಕ್ಕವಳಿಗೆ ಇನ್ನೂ ನಾಲ್ಕು ವರ್ಷ ಅಲ್ವಾ? ಹಿರಣ್ಯಕಶಿಪುವನ್ನು ಕೊಲ್ಲುವ ದೃಶ್ಯ ಉಗ್ರವಾಗಿಯೇ ಇದೆ. ಅವಳಿಗೆ ಈಗಲೇ ಬೇಡ, ಎರಡು ಮೂರು ವರ್ಷ ಕಳೆಯಲಿ.

ಅಮ್ಮನಿಗೆ ಮಾತ್ರ ಆ ಸಿನಿಮಾ ನೋಡುತ್ತಾ ಬೇರೆಯದೇ ಲೋಕ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜಕುಮಾರ್ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. ಕಂಬ ತೋರಿಸುವ ಹೊತ್ತಿಗೆ ಅಮ್ಮ ಮೆಲ್ಲಗೆ, "ಅಣ್ಣಾವ್ರು ಹೇಗೆ ಗರ್ಜಿಸಿದ್ರು ಗೊತ್ತಾ" ಅಂದರು. ಹೊರಗೆ ಬಂದ ಮೇಲೂ ಅದೇ ಮಾತು. ಅಪ್ಪ ಮಗ ನಿಜವಾಗಿಯೂ ಎದುರುಬದುರು ನಿಂತಿದ್ದ ಸಿನಿಮಾ, ಮರೆಯುವುದು ಹೇಗೆ ಹೇಳಿ.

'ಲೋಕಾ' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಲಯಾಳಂ ಸಿನಿಮಾ, ಕಥೆ ನಡೆಯುವುದು ಬೆಂಗಳೂರಿನಲ್ಲಿ. ಕಲ್ಯಾಣಿ ಪ್ರಿಯದರ್ಶನ್ ಚಂದ್ರ ಅನ್ನುವ ಅಪಾರ ಶಕ್ತಿಯ ಹೆಣ್ಣು. ಕೇರಳದ ಯಕ್ಷಿಯ ಕಥೆಯನ್ನು ಈ ಕಾಲಕ್ಕೆ ತಂದಿರುವುದು ಬಹಳ ಚೆನ್ನಾಗಿದೆ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಇದ್ದ ಒಂದು ಮಾತಿಗೆ ಇಲ್ಲಿಯವರು ಬೇಸರ ಮಾಡಿಕೊಂಡಾಗ, ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿತು. ಕೇಳಿದ್ದು ಸರಿ. ಕೊನೆಕೊನೆಗೆ ಮುಂದಿನ ಭಾಗಕ್ಕೆ ಅಂತ ದೊಡ್ಡ ನಟರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ. ನನಗೆ ಬೇಕಾಗಿದ್ದು ಚಂದ್ರಳ ಕಥೆ ಇನ್ನೂ ಸ್ವಲ್ಪ.

ಅತ್ತೆ, ನೀವು ಒಂದೇ ಹೆಸರು ಕೇಳಿದ್ದಿರಿ. 'ಸು ಫ್ರಮ್ ಸೋ'. ಆದರೆ ಅದನ್ನು ಈಗ ನೀವೊಬ್ಬರೇ ಕೂತು ಮೊಬೈಲಲ್ಲಿ ನೋಡಬೇಡಿ. ಎಲ್ಲರೂ ಸೇರಿದಾಗ ದೊಡ್ಡ ಟಿವಿಗೆ ಹಾಕೋಣ, ಫೋನುಗಳನ್ನೆಲ್ಲ ಒಳಗಿನ ಕೋಣೆಯಲ್ಲಿ ಇಟ್ಟು. ಹನ್ನೆರಡು ಜನ ಆದರೂ ಇದ್ದೇವಲ್ಲ.

ಚಿಕ್ಕಪ್ಪಾ, ಮುಂದಿನ ಸಲ ಹೊಸಬರ ಒಂದು ಚಿಕ್ಕ ಸಿನಿಮಾ ಚೆನ್ನಾಗಿದೆ ಅಂತ ಕಿವಿಗೆ ಬಿದ್ದರೆ ಮೊದಲ ವಾರವೇ ನಿಮಗೆ ಫೋನ್ ಮಾಡುತ್ತೇನೆ. ತಡ ಮಾಡಿದರೆ ಅಂಥವನ್ನು ತೆಗೆದುಬಿಡುತ್ತಾರೆ. ಮೊಣಕಾಲು ಮಡಚಿ ಕೂರುವುದು ಕಷ್ಟ ಅಂತ ನೀವು ಹಿಂದೆ ಹೇಳಿದ್ದು ನೆನಪಿದೆ. ಸಾಲಿನ ತುದಿಯ ಸೀಟನ್ನೇ ಹಿಡಿಯುತ್ತೇನೆ, ಕಾಲು ಚಾಚಿಕೊಂಡು ಕೂರಬಹುದು. ಬರುತ್ತೀರಾ ಇಲ್ವಾ, ಇಲ್ಲೇ ಗ್ರೂಪಲ್ಲಿ ಹೇಳಿ.