ಬಾವಿ ನೀರು, ಬಿಳಿ ಮುಂಡು ಮತ್ತು ಬ್ಲೀಚ್

ಪ್ರಶ್ನೆ (ಬ್ರಹ್ಮಾವರದ ಸದಸ್ಯೆ):
ನಮಸ್ಕಾರ ಅಣ್ಣ. ಆಟಿ ತಿಂಗಳ ಮಳೆಯಲ್ಲಿ ಬಟ್ಟೆ ಒಣಗದೆ ಮಾವನವರ ಬಿಳಿ ಹತ್ತಿ ಮುಂಡುಗಳಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳು ಬಿದ್ದಿದ್ದವು. ಬಾವಿ ನೀರಿಗೆ ಅಂದಾಜಿನಲ್ಲಿ ಬ್ಲೀಚ್ ಸುರಿದು ರಾತ್ರಿಯಿಡೀ ನೆನೆಹಾಕಿದೆ. ಚುಕ್ಕೆಗಳೇನೋ ಮಾಸಿದವು, ಆದರೆ ಮುಂಡುಗಳೆಲ್ಲ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿವೆ. ಅದೇ ಬಕೆಟಿಗೆ ಇನ್ನಷ್ಟು ಬ್ಲೀಚ್ ಹಾಕಿ, ನಾಲ್ಕು ನಿಂಬೆಹಣ್ಣು ಹಿಂಡಬಹುದೇ?

ಉತ್ತರ (ಮಂಗಳೂರಿನ ಲಾಂಡ್ರಿಯವರು):
ಅಕ್ಕ, ದಯವಿಟ್ಟು ನಿಂಬೆ ಹಿಂಡಬೇಡಿ. ಬ್ಲೀಚಿಗೆ ಯಾವುದೇ ಹುಳಿ ಸೇರಿದರೂ, ಅದು ನಿಂಬೆಯಾಗಲಿ, ವಿನೆಗರ್ ಆಗಲಿ, ಪಾಯಿಖಾನೆ ತೊಳೆಯುವ ಆಸಿಡ್ ಆಗಲಿ, ಕ್ಲೋರಿನ್ ಅನಿಲ ಹೊರಬರುತ್ತದೆ. ಮಳೆಗೆ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೇ ಅಪಾಯ. ಅಮೋನಿಯಾ ಸೇರಿದರೂ ವಿಷಾನಿಲವೇ ಹುಟ್ಟುವುದರಿಂದ, ಮಕ್ಕಳ ಮೂತ್ರದ ಬಟ್ಟೆಗಳನ್ನು ಮೊದಲು ಬರಿ ನೀರಿನಲ್ಲಿ ಚೆನ್ನಾಗಿ ಜಾಲಿಸಿಕೊಳ್ಳಬೇಕು.

ನಿಮ್ಮ ಮುಂಡಿಗೆ ಹಿಡಿದಿರುವುದು ಬಹುಶಃ ಬಾವಿ ನೀರಿನ ಕಬ್ಬಿಣ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಎಷ್ಟೋ ಬಾವಿಗಳಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಕಬ್ಬಿಣವನ್ನು ಬ್ಲೀಚ್ ತುಕ್ಕಾಗಿಸಿ ನೂಲಿಗೆ ಕೂರಿಸುತ್ತದೆ; ಆದ್ದರಿಂದ ಬ್ಲೀಚ್ ಹೆಚ್ಚಿಸಿದಷ್ಟೂ ಬಣ್ಣ ಗಾಢವಾಗುತ್ತದೆಯೇ ಹೊರತು ಹೋಗುವುದಿಲ್ಲ. ಅನುಮಾನವಿದ್ದರೆ ಬಿಳಿ ಬಟ್ಟಲಿನಲ್ಲಿ ಬಾವಿ ನೀರು ತೆಗೆದುಕೊಂಡು ನಾಲ್ಕು ತೊಟ್ಟು ಬ್ಲೀಚ್ ಹಾಕಿ ಸ್ವಲ್ಪ ಹೊತ್ತು ಬಿಡಿ. ನೀರು ಹಳದಿಯಾದರೆ ಉತ್ತರ ಸಿಕ್ಕಿದಂತೆ.

ಆ ಬಕೆಟಿನ ನೀರು ಚೆಲ್ಲಿ, ಕ್ಲೋರಿನ್ ವಾಸನೆ ಪೂರ್ತಿ ಹೋಗುವವರೆಗೆ ಮುಂಡುಗಳನ್ನು ನಾಲ್ಕೈದು ಬಾರಿ ಜಾಲಿಸಿ ಒಣಗಿಸಿ. ಮರುದಿನ ಬೇರೆ ಬಕೆಟಿನಲ್ಲಿ, ಬ್ಲೀಚಿನ ಸೋಂಕಿಲ್ಲದ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ನೆನೆಹಾಕಿದರೆ ತುಕ್ಕು ಬಿಡುತ್ತದೆ. ಬಳಿಕ ಮತ್ತೆ ಚೆನ್ನಾಗಿ ಜಾಲಿಸಿ. ಬೂಷ್ಟಿನ ಗುರುತು ಇನ್ನೂ ಉಳಿದಿದ್ದರೆ ಮಾತ್ರ ಬ್ಲೀಚಿಗೆ ಹಿಂತಿರುಗಿ, ಅದೂ ನಳ್ಳಿ ನೀರಿನಲ್ಲಿ. ಐದು ಲೀಟರ್ ತಣ್ಣೀರಿಗೆ 50 ಮಿ.ಲೀ. ಬ್ಲೀಚ್ ದ್ರಾವಣ ಸಾಕು. ಮೊದಲು ನೀರು, ಅದರ ಮೇಲೆ ಬ್ಲೀಚ್, ಕಲಕಿದ ನಂತರ ಬಟ್ಟೆ. ಬಕೆಟು ಪ್ಲಾಸ್ಟಿಕ್ಕಿನದೇ ಇರಲಿ. ಐದರಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ರಾತ್ರಿಯಿಡೀ ನೆನೆಸಿದ ಮುಂಡು ಹೊರಗಿನಿಂದ ಚೆನ್ನಾಗಿ ಕಂಡರೂ ನೂಲು ಸತ್ತು, ಒಂದು ದಿನ ಮಡಿಕೆಯ ಗೆರೆಯಲ್ಲೇ ಹರಿದುಬಿಡುತ್ತದೆ. ನಮ್ಮ ಅಂಗಡಿಗೆ ಅಂಥವು ಎಷ್ಟೋ ಬಂದಿವೆ, ನಾವೇನೂ ಮಾಡಲಾಗಿಲ್ಲ.

ಜರಿ ಅಂಚಿನ ಮುಂಡು, ರೇಷ್ಮೆ, ಉಣ್ಣೆ, ಎಳೆದರೆ ಹಿಗ್ಗುವ ಬಟ್ಟೆ ಇವಕ್ಕೆ ಈ ಬ್ಲೀಚ್ ಸಲ್ಲದು. ಬಣ್ಣದ ಬಟ್ಟೆಗೆ ಸೋಡಿಯಂ ಪರ್ಕಾರ್ಬೊನೇಟ್ ಇರುವ, ಆಮ್ಲಜನಕದಿಂದ ಕೆಲಸ ಮಾಡುವ ಪುಡಿ ಮೇಲು. ಅದಕ್ಕೆ ಬಿಸಿನೀರು ಬೇಕು, ಒಳಭಾಗದ ಹೊಲಿಗೆಯಲ್ಲಿ ಪರೀಕ್ಷಿಸಿಯೇ ಬಳಸಬೇಕು.

ಪ್ರಶ್ನೆ (ಕಾಪುವಿನ ಸದಸ್ಯರು):
ಬಾವಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ಮಿಕ್ಕಿದೆ. ಅದನ್ನೇ ಬಟ್ಟೆಗೆ ಬಳಸಬಹುದೇ?

ಉತ್ತರ:
ಬೇಡ. ಅದರಲ್ಲಿ ಸುಣ್ಣವಿರುವುದರಿಂದ ಪೂರ್ತಿ ಕರಗುವುದಿಲ್ಲ, ಕರಗದ ಕಣ ಬಟ್ಟೆಯ ಮೇಲೆ ಕುಳಿತಲ್ಲಿ ತೂತು ಬೀಳುತ್ತದೆ. ಬಾಟಲಿಯ ಬ್ಲೀಚ್ ದ್ರಾವಣವೇ ಆದರೂ ಬಿಸಿಲು ಬೀಳದ ಕಡೆ ಇಡಿ. ಬಿಸಿಗೂ ಬೆಳಕಿಗೂ ಅದರ ಶಕ್ತಿ ಇಳಿಯುವುದರಿಂದ, ಕಳೆದ ವರ್ಷದ ಬಾಟಲಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಪ್ರಶ್ನೆ (ಬ್ರಹ್ಮಾವರದ ಸದಸ್ಯೆ):
ತುಂಬ ಉಪಕಾರವಾಯಿತು ಅಣ್ಣ, ಬಕೆಟ್ ಚೆಲ್ಲಿದೆ. ಕೊನೆಗೆ ನೀಲಿ ಹಾಕಬಹುದಲ್ಲವೇ?

ಉತ್ತರ:
ಹಾಕಬಹುದು, ಆದರೆ ಬ್ಲೀಚಿನ ವಾಸನೆ ಒಂದಿಷ್ಟೂ ಉಳಿದಿರಬಾರದು. ಉಳಿದರೆ ಅದು ನೀಲಿಯ ಬಣ್ಣವನ್ನೂ ತಿಂದುಹಾಕುತ್ತದೆ.