ಚಾಮರಾಜಪೇಟೆ ಮನೆಗಳ ಹಿಂದೆ ಈ ಸಂದಿ ಯಾಕಿದೆ?

ಹೊಸ ಬಾಡಿಗೆದಾರಳು:

ಹೋದ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆ ಭೋಗ್ಯಕ್ಕೆ ಹಾಕಿಕೊಂಡೆವು. ಮದ್ರಾಸ್ ತಾರಸಿ, ಕೆಂಪು ನೆಲ, ಮುಂದೆ ಮಂಕಿ ಟಾಪ್, ಅದೇ ಕಿಟಕಿ ಮೇಲಿನ ಚೂಪು ಮರದ ಮಾಡು. ಹಿತ್ತಲ ಗೋಡೆಯಲ್ಲಿ ಒಂದು ಗಿಡ್ಡ ತಗಡಿನ ಬಾಗಿಲಿದೆ. ಚಿಲಕ ತುಕ್ಕು ಹಿಡಿದು ಕೂತುಬಿಟ್ಟಿದೆ. ತಾರಸಿ ಮೇಲಿಂದ ಬಗ್ಗಿ ನೋಡಿದರೆ ಆಚೆ ಒಂದು ಉದ್ದನೆ ಸಂದಿ. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟೇ ಅಗಲ. ಎರಡೂ ಕಡೆ ಮನೆಗಳ ಬೆನ್ನೇ.

ಬ್ರೋಕರ್ ಕೇಳಿದರೆ, "ಅದೂ ನಿಮ್ಮದೇ ಅಂದುಕೊಳ್ಳಿ ಮೇಡಂ, ಶೀಟ್ ಹಾಕಿ ವಾಷಿಂಗ್ ಮಷೀನ್ ಇಟ್ಟುಕೊಳ್ಳಿ" ಅಂತಾರೆ. ಓನರ್ ಫೋನ್ ಎತ್ತುವುದಿಲ್ಲ. ಈ ಸಂದಿ ಯಾತಕ್ಕೆ ಬಿಟ್ಟಿದ್ದು? ಯಾರಾದರೂ ಹಳಬರು ಹೇಳುತ್ತೀರಾ?

ಗಾಂಧಿ ಬಜಾರ್ ಹುಡುಗ:

ಗಾಳಿ ಬೆಳಕಿಗೆ ಬಿಟ್ಟಿದ್ದು. ಪ್ಲೇಗ್ ಬಂದಾಗ ಪೇಟೆ ಜನರನ್ನು ಹೊರಗೆ ಕಳಿಸೋಕೆ ಕಟ್ಟಿದ ಬಡಾವಣೆ ಅದು. ಮನೆಗೆ ಮನೆ ಅಂಟಿದ್ದರೆ ಇಲಿ ಓಡಾಡುತ್ತವೆ ಅಂತ ಮಧ್ಯೆ ಜಾಗ ಬಿಟ್ಟರು. ಸಿಂಪಲ್.

ಹಳೇ ಮೊಳೆ:

ಸಿಂಪಲ್ ಅಲ್ಲ ತಮ್ಮಾ. ಪ್ಲೇಗ್ ಬಂದಿದ್ದು 1898ರಲ್ಲಿ. ಅದರ ಹೊಡೆತಕ್ಕೆ ಎದ್ದದ್ದು ನಿಮ್ಮ ಬಸವನಗುಡಿ, ಆ ಕಡೆ ಮಲ್ಲೇಶ್ವರ. ಚಾಮರಾಜಪೇಟೆ ಅದಕ್ಕೂ ಆರು ವರ್ಷ ಮುಂಚಿನದು, 1892. ಹತ್ತನೇ ಚಾಮರಾಜೇಂದ್ರ ಒಡೆಯರ ಹೆಸರು ಇಟ್ಟರು. ಹಳೇ ಪೇಟೆಯಲ್ಲಿ ಬೀದಿಗಳಿಗೆ ಕಸುಬಿನ ಹೆಸರು, ಸರಕಿನ ಹೆಸರು: ಬಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ. ಇಲ್ಲಿ ಮಾತ್ರ ನೇರ ಗೆರೆ ಎಳೆದು ಮೇನು, ಕ್ರಾಸು ಅಂತ ಬರೀ ನಂಬರು ಕೊಟ್ಟರು.

ಅಮ್ಮಾ, ಈಗ ನಿಮ್ಮ ಸಂದಿಗೆ ಬರುತ್ತೇನೆ. ಬಡಾವಣೆ ಆದಾಗ ನಲ್ಲಿ ನೀರು ಇರಲಿಲ್ಲ. ಹೆಸರಘಟ್ಟದ ನೀರು ಊರಿಗೆ ಬಂದದ್ದೇ 1896ರಲ್ಲಿ. ಒಳಚರಂಡಿ ಅದಕ್ಕೂ ಎಷ್ಟೋ ವರ್ಷ ಆಮೇಲಿನ ಮಾತು. ಹಾಗಾದರೆ ಕಕ್ಕಸು? ಅದಕ್ಕೇ ಆ ಸಂದಿ. ಕಾಗದದಲ್ಲಿ ಕನ್ಸರ್ವೆನ್ಸಿ ಲೇನ್. ನಮ್ಮ ವಠಾರದಲ್ಲಿ ಹಿತ್ತಲ ಸಂದಿ.

ಕಕ್ಕಸು ಹಿತ್ತಲ ಕೊನೆಯಲ್ಲಿ ಇರುತ್ತಿತ್ತು. ಕೆಳಗೆ ಒಂದು ತಗಡಿನ ಡಬ್ಬ. ಸಂದಿ ಕಡೆಯಿಂದ ಒಂದು ಕಿಂಡಿ. ಬೆಳಗ್ಗೆ ಜಾಡಮಾಲಿಗಳು ಆ ಕಿಂಡಿಯಿಂದ ಡಬ್ಬ ಎಳೆದು, ಬಳಿದು, ತಲೆ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಮುಂದಿನ ರಸ್ತೆಯಲ್ಲಿ ಅವರು ಯಾರ ಕಣ್ಣಿಗೂ ಬೀಳಬಾರದು. ಅದಕ್ಕೆ ಬೇರೆ ದಾರಿ. ಬೆಂಗಳೂರಿನ ಮೊದಲ ಪ್ಲಾನ್ಡ್ ಬಡಾವಣೆ ಅಂತ ನಾವು ಎದೆ ಉಬ್ಬಿಸುತ್ತೇವಲ್ಲ, ಆ ಪ್ಲಾನಿನಲ್ಲೇ ಜಾತಿಗೂ ಒಂದು ಗೆರೆ ಇತ್ತು.

ನಮ್ಮ ವಠಾರದಲ್ಲಿ 60ರ ದಶಕದಲ್ಲೂ ಹಳೇ ಕಕ್ಕಸೇ. ಒಬ್ಬ ಹೆಂಗಸು ಬರುತ್ತಿದ್ದಳು. ಹಬ್ಬದ ಮಾರನೇ ದಿನ ನಮ್ಮಜ್ಜಿ ಹೋಳಿಗೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಹಿತ್ತಲ ಗೋಡೆ ಮೇಲೆ ಇಟ್ಟು ಒಳಗೆ ಬಂದುಬಿಡುತ್ತಿದ್ದಳು. ನನಗಾಗ ಏಳೋ ಎಂಟೋ ವರ್ಷ. ಒಂದು ಸಲ ಗೋಡೆ ಎಟುಕಲಿಲ್ಲ, ಬಾಗಿಲು ತೆಗೆದು ಅವಳ ಕೈಗೇ ಕೊಟ್ಟೆ. ಅಜ್ಜಿ ನನ್ನನ್ನು ಬಚ್ಚಲಲ್ಲಿ ನಿಲ್ಲಿಸಿ ತಣ್ಣೀರು ಸುರಿದಳು, ಬಟ್ಟೆ ಸಮೇತ. ಆ ಹೆಂಗಸಿನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಲ ಹೊರುವ ಪದ್ಧತಿ ನಿಷೇಧಿಸಿದ್ದು 70ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ. ಅದೇ ಬಸವಲಿಂಗಪ್ಪ 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಗಲಾಟೆ ಎದ್ದು ಮಂತ್ರಿಗಿರಿ ಬಿಡಬೇಕಾಯಿತು. ಆಗ ನಾನು ಇಲ್ಲೇ ಒಂದು ಪ್ರೆಸ್ಸಿಗೆ ಅಚ್ಚಿನ ಮೊಳೆ ಜೋಡಿಸೋಕೆ ಸೇರಿ ವರ್ಷ ಆಗಿರಲಿಲ್ಲ. ಖಂಡನಾ ಸಭೆಯ ಕರಪತ್ರಗಳಿಗೆ "ಬೂಸಾ" "ಬೂಸಾ" ಅಂತ ಜೋಡಿಸಿ ಜೋಡಿಸಿ ಕೊಂಬಿನಿಳಿ ಮೊಳೆಯೇ ಮುಗಿದುಹೋಯಿತು. ಪಕ್ಕದ ಪ್ರೆಸ್ಸಿಂದ ಕಡ ತಂದೆ. ಹೊರಗೆ ಕರಪತ್ರ ಹಂಚುತ್ತಿದ್ದವರ ಮನೆ ಹಿತ್ತಲು ಯಾರು ಬಳಿಯುತ್ತಿದ್ದರು ಅಂತ ಆವತ್ತು ನನಗೂ ಹೊಳೆಯಲಿಲ್ಲ. ಸಾಹಿತ್ಯ ಪರಿಷತ್ತು ಇರುವುದೂ ನಮ್ಮ ಪೇಟೆಯಲ್ಲೇ, ನೋಡಿ.

ಉಳಿದದ್ದೆಲ್ಲ ಎಲ್ಲರೂ ಹೇಳುತ್ತಾರೆ. ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವ ಸಂಗೀತ ಕಚೇರಿ ಇದ್ದೇ ಇದೆ. ನಾನೂ ಕೇಳಿದ್ದೇನೆ, ಟಿಕೆಟ್ ಇಲ್ಲದೆ, ಫುಟ್‌ಪಾತಿನಲ್ಲಿ ಪೇಪರ್ ಹಾಸಿಕೊಂಡು. ಆಲೂರು ವೆಂಕಟರಾವ್ ರಸ್ತೆಗೆ ನಮ್ಮಪ್ಪ ಕೊನೆವರೆಗೂ ಆಲ್ಬರ್ಟ್ ವಿಕ್ಟರ್ ರಸ್ತೆ ಅಂತಲೇ ಅನ್ನುತ್ತಿದ್ದರು. ಅಚ್ಚು ಹಾಕುವ ಟ್ರೆಡಲ್ ಮಷೀನಿನ ಸದ್ದು ಈಗಿಲ್ಲ. ಮೇ ತಿಂಗಳ ಲಗ್ನಪತ್ರಿಕೆ ಸೀಸನ್ನಿನಲ್ಲಿ ರಾತ್ರಿಯೆಲ್ಲ ಅದೇ ಸದ್ದು, ನಿದ್ದೆ ಬರಲು ಅದು ಬೇಕೇ ಬೇಕಿತ್ತು.

ಪಕ್ಕದ ಕ್ರಾಸ್:

ಹಿರಿಯರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಮೇಡಂ, ಬ್ರೋಕರ್ ಮಾತು ನಂಬಬೇಡಿ. ಸಂದಿ ಸಾರ್ವಜನಿಕ ಜಾಗ, ನಿಮ್ಮ ಓನರದ್ದೂ ಅಲ್ಲ. ಖಾತೆಯಲ್ಲಿರುವ ಅಳತೆ ನೋಡಿದರೆ ಗೊತ್ತಾಗುತ್ತದೆ. ಒಳಚರಂಡಿ ಬಂದಾಗ ಎಷ್ಟೋ ಕಡೆ ಪೈಪನ್ನು ಇದೇ ಸಂದಿಗಳಲ್ಲಿ ಎಳೆದಿದ್ದಾರೆ. ನಮ್ಮ ಹಿಂದಿನ ಮನೆಯವರು ಸಂದಿಗೆ ಶೀಟ್ ಹೊದಿಸಿ, ಮ್ಯಾನ್‌ಹೋಲ್ ಮೇಲೆ ಟೈಲ್ಸ್ ಕೂರಿಸಿ ಅಡುಗೆಮನೆ ಮಾಡಿಕೊಂಡಿದ್ದರು. ಗೌರಿ ಹಬ್ಬದ ದಿನ ಪೈಪು ಕಟ್ಟಿಕೊಂಡಿತು. ನಮ್ಮ ಬಚ್ಚಲಲ್ಲಿ ನೀರು ಮೇಲೆ ಬಂತು, ಅವರ ಸ್ಟವ್ ಕೆಳಗೂ ಬಂತು. ಬಾಗಿನಕ್ಕೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದೆವು.

ಗಾಂಧಿ ಬಜಾರ್ ಹುಡುಗ:

ಇಲಿ ಥಿಯರಿ ವಾಪಸ್ ತಗೊಂಡೆ. ಆದರೆ ನಮ್ಮ ಬಸವನಗುಡಿಯಲ್ಲೂ ಇಂಥ ಸಂದಿಗಳಿವೆ. ಅಲ್ಲಿ ಕ್ರಿಕೆಟ್ ಆಡಿಕೊಂಡೇ ಬೆಳೆದವನು ನಾನು. ನಮಗೆ ಯಾರೂ ಇದನ್ನು ಹೇಳಲಿಲ್ಲ, ಅಲ್ವಾ?

ಹೊಸ ಬಾಡಿಗೆದಾರಳು:

ತುಂಬ ಥ್ಯಾಂಕ್ಸ್ ಸರ್. ವಾಷಿಂಗ್ ಮಷೀನ್ ತಾರಸಿಗೇ ಹೋಗುತ್ತದೆ. ಇವತ್ತು ಗೋಡೆ ಸರಿಯಾಗಿ ನೋಡಿದೆ. ಬಾಗಿಲ ಪಕ್ಕ ಮೊಣಕಾಲೆತ್ತರಕ್ಕೆ ಒಂದು ಚೌಕ, ಬೇರೆ ಇಟ್ಟಿಗೆಯಲ್ಲಿ ಮುಚ್ಚಿದ್ದಾರೆ. ಮೇಲೆ ಸುಣ್ಣ ಬಳಿದಿದ್ದರೂ ಗುರುತು ಕಾಣುತ್ತದೆ. ನಾನು ಅದರ ಮುಂದೆ ತುಳಸಿ ಕುಂಡ ಇಟ್ಟಿದ್ದೆ. ಬಾಗಿಲು ಮಾತ್ರ ಒಂದು ಸಲ ತೆಗೆದು ನೋಡಬೇಕು ಅನಿಸಿದೆ. ಸುತ್ತಿಗೆಯಲ್ಲಿ ಹೊಡೆದರೆ ತಗಡೇ ಕಿತ್ತು ಬರುವ ಹಾಗಿದೆ.

ಹಳೇ ಮೊಳೆ:

ಸುತ್ತಿಗೆ ಬೇಡ. ಸೀಮೆಎಣ್ಣೆ ಈಗ ಸಿಗಲ್ಲ, ಗಾಡಿ ಮೆಕ್ಯಾನಿಕ್ ಹತ್ತಿರ ಒಂದು ಚೂರು ಡೀಸೆಲ್ ಇಸ್ಕೊಳ್ಳಿ. ಬಟ್ಟೆಯಲ್ಲಿ ಅದ್ದಿ ಚಿಲಕಕ್ಕೆ ಸುತ್ತಿ ರಾತ್ರಿ ಬಿಡಿ. ಬೆಳಗ್ಗೆ ಎಳೆಯಬೇಡಿ, ಮೊದಲು ಮೇಲೆ ಕೆಳಗೆ ಅಲ್ಲಾಡಿಸಿ.